ಮೊದಲು ಓದಿ, ಆಮೇಲೆ ನೋಡಿ: ಮೆಟ್ರೊಪಾಲಿಟನ್ ಮ್ಯೂಸಿಯಂನ ಅಮೆರಿಕನ್ ಭೂದೃಶ್ಯ ಚಿತ್ರಗಳು

ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಈಜಿಪ್ಟಿನ ದೆಂಡೂರ್ ಗುಡಿಯನ್ನು ನೋಡಿ, ವ್ಯಾನ್ ಗೋ, ಮೊನೆ ಮೊದಲಾದವರ ಕೋಣೆಗಳಲ್ಲಿ ಸುತ್ತಾಡಿ, ಕಾಲು ಸೋತ ಹೊತ್ತಿಗೆ ಅಮೆರಿಕನ್ ವಿಭಾಗವನ್ನು ತಲುಪುತ್ತಾರೆ. ಅಲ್ಲಿನ ಹತ್ತೊಂಬತ್ತನೆಯ ಶತಮಾನದ ದೊಡ್ಡ ಭೂದೃಶ್ಯ ಚಿತ್ರಗಳ ಮುಂದೆ ಒಂದು ಫೋಟೋ ತೆಗೆಸಿಕೊಂಡು, ಕ್ಯಾಲೆಂಡರ್ ಚಿತ್ರದ ಹಾಗೆ ಚೆನ್ನಾಗಿದೆ ಎಂದುಕೊಂಡು ಹೊರಡುತ್ತಾರೆ. ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನೂ ಬಹಳ ವರ್ಷ ಹಾಗೆಯೇ ಮಾಡಿದ್ದೆ. ಆ ಚಿತ್ರಗಳನ್ನು ಬರೆದವರು ಏನನ್ನು ಓದುತ್ತಿದ್ದರು, ಎಂಥ ಪ್ರವಚನಗಳ ನಡುವೆ ಬೆಳೆದಿದ್ದರು, ಸ್ವತಃ ಏನನ್ನು ಬರೆದಿಟ್ಟರು ಎಂಬುದನ್ನು ಒಂದಿಷ್ಟು ತಿಳಿದುಕೊಂಡು ಹೋದ ಮೇಲೆ ಆ ಕೋಣೆಗಳು ನನಗೆ ತೆರೆದುಕೊಂಡವು. ಈ ವಿಮರ್ಶೆ ಮುಖ್ಯವಾಗಿ ಆ ಕೋಣೆಗಳ ಬಗ್ಗೆ. ಜೊತೆಗೆ, ಅದೇ ಆಸಕ್ತಿಯಿಂದ ನಾನು ಹಣ ಕೊಟ್ಟು ಪಡೆದ ಇನ್ನೆರಡು ಸೇವೆಗಳ ಬಗ್ಗೆಯೂ ಇದೆ.

ವೆಚ್ಚದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೋದಾಗ ಹೊರರಾಜ್ಯದ ವಯಸ್ಕರಿಗೆ ಪ್ರವೇಶಧನ 30 ಡಾಲರ್ ಇತ್ತು. ನ್ಯೂಯಾರ್ಕ್ ರಾಜ್ಯದ ನಿವಾಸಿಗಳು, ಮತ್ತು ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳು ತಮಗೆ ತೋಚಿದಷ್ಟು ಕೊಟ್ಟು ಒಳಗೆ ಹೋಗಬಹುದು. ಹೀಗಾಗಿ ನಾನು ಪೂರ್ತಿ ಹಣ ತೆತ್ತೆ, ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಗುರುತಿನ ಚೀಟಿ ತೋರಿಸಿ ಅಲ್ಪವನ್ನೇ ಕೊಟ್ಟಳು. ಶುಕ್ರವಾರ ಮತ್ತು ಶನಿವಾರ ರಾತ್ರಿ 9 ಗಂಟೆಯವರೆಗೆ ತೆರೆದಿರುವುದರಿಂದ ಶುಕ್ರವಾರದ ಸಂಜೆಯನ್ನೇ ಆರಿಸಿಕೊಂಡೆವು. ಈ ಕೋಣೆಗಳು ಎರಡನೆಯ ಮಹಡಿಯಲ್ಲಿವೆ. ಆ ಹೊತ್ತಿನಲ್ಲಿ ಜನ ಕಡಿಮೆ. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಂತರೂ ಯಾರಿಗೂ ತೊಂದರೆಯಾಗುವುದಿಲ್ಲ. ಐದೇ ಚಿತ್ರಗಳನ್ನು ನೋಡುವುದೆಂದು ಮೊದಲೇ ತೀರ್ಮಾನಿಸಿ, ಅವಕ್ಕೆ ಸಂಬಂಧಿಸಿದ ಬರಹಗಳ ಆಯ್ದ ಪುಟಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿದ್ದೆವು.

ಮೊದಲನೆಯದು ಥಾಮಸ್ ಕೋಲ್ 1836ರಲ್ಲಿ ಬರೆದ ‘ಆಕ್ಸ್‌ಬೋ’. ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಬಾಗಿದ ಮರದ ತುಂಡಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಊರಿನ ಬಳಿ ಕನೆಕ್ಟಿಕಟ್ ನದಿ ಆಗ ಅದೇ ಆಕಾರದಲ್ಲಿ ಬಳಸಿಕೊಂಡು ಹರಿಯುತ್ತಿತ್ತು. ಹೋಲಿಯೋಕ್ ಬೆಟ್ಟದ ಮೇಲಿಂದ ಕಂಡ ನೋಟ ಇದು. ಸುಮಾರು 193 ಸೆಂಟಿಮೀಟರ್ ಅಗಲದ ಕ್ಯಾನ್ವಾಸಿನ ಎಡಭಾಗದಲ್ಲಿ ಕಪ್ಪು ಮೋಡ, ಸುರಿಯುವ ಮಳೆ, ಸಿಡಿಲು ಬಡಿದು ಮುರಿದ ಮರ, ಮನುಷ್ಯನ ಕೈ ಸೋಕದ ಕಾಡು. ಬಲಭಾಗದಲ್ಲಿ ಮಳೆ ನಿಂತ ಮೇಲಿನ ಬಿಸಿಲು, ಉತ್ತ ಹೊಲ, ಹೊಗೆಯಾಡುವ ಮನೆ, ದೋಣಿ. ಇವೆರಡರ ನಡುವೆ, ಬಂಡೆಗಳ ಮರೆಯಲ್ಲಿ, ಟೋಪಿ ಹಾಕಿಕೊಂಡ ಒಬ್ಬ ಸಣ್ಣ ಮನುಷ್ಯ ಕುಂಚ ಹಿಡಿದು ಕುಳಿತು ನಮ್ಮ ಕಡೆಗೆ ತಿರುಗಿ ನೋಡುತ್ತಾನೆ. ಅವನು ಕೋಲ್.

ಅದೇ ವರ್ಷದ ಆರಂಭದಲ್ಲಿ ಕೋಲ್‌ನ ‘ಅಮೆರಿಕದ ಪ್ರಕೃತಿದೃಶ್ಯವನ್ನು ಕುರಿತ ಪ್ರಬಂಧ’ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಹಿಂದಿನ ವರ್ಷ ಅದನ್ನು ಅವನು ಉಪನ್ಯಾಸವಾಗಿ ಓದಿದ್ದ. ಮಗಳು ಚಿತ್ರದ ಎದುರು ನಿಂತು ಆ ಪ್ರಬಂಧದ ಒಂದು ಭಾಗವನ್ನು ಮೆಲ್ಲಗೆ ಓದಿದಳು. ಹಿಂದಿನ ಪ್ರವಾದಿಗಳು ದೈವಪ್ರೇರಣೆಗಾಗಿ ಕಾಯುತ್ತ ನಿರ್ಜನ ನಿಸರ್ಗಕ್ಕೆ ಹೋದರು. ಎಲೀಯನು ಬಿರುಗಾಳಿ, ಭೂಕಂಪ, ಬೆಂಕಿಗಳನ್ನು ಕಂಡು ಕೊನೆಗೆ ದೇವರ ಆ ಮೃದುವಾದ ಸಣ್ಣ ದನಿಯನ್ನು ಕೇಳಿದ್ದು ಹೋರೇಬ್ ಬೆಟ್ಟದ ಮೇಲೆ. ಸಂತ ಯೋಹಾನನು ಉಪದೇಶಿಸಿದ್ದು ಅಡವಿಯಲ್ಲಿ. ದೇವರ ಬಗ್ಗೆ ಮಾತನಾಡುವುದಕ್ಕೆ ಕಾಡು ಇಂದಿಗೂ ತಕ್ಕ ಸ್ಥಳವೇ ಎಂದು ಕೋಲ್ ಬರೆಯುತ್ತಾನೆ. ಅಮೆರಿಕದಲ್ಲಿ ಯುರೋಪಿನ ಹಾಗೆ ಪಾಳುಬಿದ್ದ ಕೋಟೆಗಳಿಲ್ಲ, ಗತಕಾಲದ ನೆನಪುಗಳಿಲ್ಲ, ಆದ್ದರಿಂದ ಇಲ್ಲಿನ ನೆಲ ಚಿತ್ರಕ್ಕೆ ಯೋಗ್ಯವಲ್ಲ ಎನ್ನುತ್ತಿದ್ದವರಿಗೆ ಅವನು ಕೊಟ್ಟ ಉತ್ತರ ಇದು: ಇಲ್ಲಿ ಸೃಷ್ಟಿಕರ್ತನ ಕೈಯಿಂದ ಬಂದ ಕಾಡೇ ಇದೆ. ಪ್ರಬಂಧದ ಕೊನೆಯಲ್ಲಿ ದನಿ ಬದಲಾಗುತ್ತದೆ. ಕೊಡಲಿಯ ಹಾವಳಿ ದಿನದಿನಕ್ಕೆ ಹೆಚ್ಚುತ್ತಿದೆ ಎಂದು ದುಃಖಿಸಿ, ನಾವು ಇನ್ನೂ ಬೈಬಲ್ಲಿನ ಸ್ವರ್ಗದಂಥ ಈಡನ್ ತೋಟದಲ್ಲೇ ಇದ್ದೇವೆ, ನಮ್ಮನ್ನು ಹೊರಗಿಟ್ಟಿರುವ ಗೋಡೆ ನಮ್ಮದೇ ಅಜ್ಞಾನ ಮತ್ತು ಮೂರ್ಖತನ ಎಂದು ಅವನು ಹೇಳುತ್ತಾನೆ. ಈ ಮಾತನ್ನು ಕೇಳಿಸಿಕೊಂಡು ಮತ್ತೆ ಚಿತ್ರದತ್ತ ನೋಡಿದರೆ, ಎಡದ ಕಾಡಿಗೂ ಬಲದ ಹೊಲಕ್ಕೂ ನಡುವೆ ಓರೆಯಾಗಿ ಇಳಿಯುವ ಬೆಟ್ಟದ ಅಂಚು ಒಂದು ಪ್ರಶ್ನೆಯಾಗಿ ನಿಲ್ಲುತ್ತದೆ. ಕೋಲ್ ಯಾವ ಕಡೆಗೂ ವಾಲದೆ ನಡುವೆಯೇ ಕುಳಿತಿದ್ದಾನೆ.

ಇಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಚಿತ್ರದ ದೂರದಲ್ಲಿ ಕಾಣುವ ನಾರ್ತಾಂಪ್ಟನ್ ಪ್ರದೇಶದಲ್ಲೇ, ಕೋಲ್‌ಗಿಂತ ನೂರು ವರ್ಷ ಹಿಂದೆ, ಜೊನಾಥನ್ ಎಡ್ವರ್ಡ್ಸ್ ಎಂಬ, ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪರಂಪರೆಯ ಪಾದ್ರಿ 1750ರವರೆಗೆ ಉಪದೇಶಿಸುತ್ತಿದ್ದ. ಮುಳ್ಳಿನ ನಡುವೆ ಅರಳುವ ಗುಲಾಬಿ, ನೂಲು ತೆಗೆಯುವ ರೇಷ್ಮೆಹುಳು, ಸಮುದ್ರವನ್ನು ಸೇರುವ ನದಿ, ಇವೆಲ್ಲ ದೈವಿಕ ಸತ್ಯಗಳ ನೆರಳುಗಳೆಂದು ಅವನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ. ಆ ಟಿಪ್ಪಣಿಗಳು ಅಚ್ಚಾದದ್ದು 1948ರಲ್ಲಿ. ಆದ್ದರಿಂದ ಕೋಲ್ ಅವನ್ನು ಓದಿರಲಾರ. ಆದರೆ ಬೈಬಲ್ ದೇವರ ಮೊದಲ ಗ್ರಂಥವಾದರೆ ನಿಸರ್ಗ ಎರಡನೆಯದು ಎಂಬ ನಂಬಿಕೆ ಆ ನಾಡಿನ ಪ್ರವಚನಗಳಲ್ಲಿ ಎಷ್ಟು ಆಳವಾಗಿ ಬೇರೂರಿತ್ತು ಎಂಬುದಕ್ಕೆ ಅದೇ ಕಣಿವೆಯಲ್ಲಿ ಬರೆದ ಆ ಪುಟಗಳು ಸಾಕ್ಷಿ. ಚಿತ್ರಕಾರರಿಗೆ ಆ ನಂಬಿಕೆ ಗ್ರಂಥದಿಂದ ಬರಬೇಕಾಗಿರಲಿಲ್ಲ. ಭಾನುವಾರದ ಆರಾಧನೆಯಿಂದಲೇ ಬರುತ್ತಿತ್ತು.

ಈಗ ಮೊದಲ ದೂರು. ಇದೇ ಕೋಣೆಗಳನ್ನು ನಾನು ಕಳೆದ ವರ್ಷ ಒಂದು ಖಾಸಗಿ ಮಾರ್ಗದರ್ಶನ ಸಂಸ್ಥೆಯವರೊಡನೆ ನೋಡಿದ್ದೆ. ಅದಕ್ಕೂ ಮ್ಯೂಸಿಯಂಗೂ ಸಂಬಂಧವಿಲ್ಲ, ಅದರ ಹೆಸರು ಇಲ್ಲಿ ಬೇಡ. ಎರಡು ಗಂಟೆಯ ಆ ನಡಿಗೆಯಲ್ಲಿ ಮಾರ್ಗದರ್ಶಕರು ಉತ್ಸಾಹದಿಂದಲೇ ಮಾತನಾಡಿದರು, ಆದರೆ ಎರಡು ಕಡೆ ದಾರಿ ತಪ್ಪಿಸಿದರು. ಅಮೆರಿಕದ ಚಿಂತಕ ಎಮರ್ಸನ್‌ನ ‘ನೇಚರ್’ ಎಂಬ ಪುಸ್ತಕ ಓದಿ ಕೋಲ್ ‘ಆಕ್ಸ್‌ಬೋ’ ಬರೆದ ಎಂಬುದು ಮೊದಲನೆಯದು. ‘ನೇಚರ್’ ಹೊರಬಂದದ್ದು 1836ರ ಸೆಪ್ಟೆಂಬರ್‌ನಲ್ಲಿ. ಕೋಲ್‌ನ ಚಿತ್ರ ಅದೇ ವರ್ಷದ ವಸಂತದಲ್ಲಿ ನ್ಯಾಷನಲ್ ಅಕಾಡೆಮಿಯ ಪ್ರದರ್ಶನದಲ್ಲಿ ಆಗಲೇ ತೂಗಾಡುತ್ತಿತ್ತು. ಎರಡನೆಯದು ದೂರದ ಬೆಟ್ಟದ ಮೇಲೆ ಮರ ಕಡಿದು ಬೋಳಾದ ಗೆರೆಗಳ ವಿಷಯ. ಅವು ಹೀಬ್ರೂ ಅಕ್ಷರಗಳಂತೆ ಕಾಣುತ್ತವೆ, ಬೈಬಲ್ಲಿನ ಪ್ರಳಯಕಥೆಯ ನೋಹ ಎಂದೂ, ಮೇಲಿನಿಂದ ತಿರುಗಿಸಿ ಓದಿದರೆ ಸರ್ವಶಕ್ತ ಎಂಬರ್ಥದ ಶದ್ದಾಯ್ ಎಂದೂ ಓದಬಹುದು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅದು ಚಿಂತನೆಗೆ ಹಚ್ಚುವ ಓದು. ಆದರೆ ಅದನ್ನು ಚಿತ್ರಕಾರನೇ ಒಪ್ಪಿಕೊಂಡ ಗುಟ್ಟೆಂಬಂತೆ ಹೇಳಿದ್ದು ಸರಿಯಲ್ಲ. ನಾನು ಗೆರೆಗಳನ್ನು ಬಹಳ ಹೊತ್ತು ನೋಡಿದೆ. ಬೆಟ್ಟದ ಗಾಯ ಸ್ಪಷ್ಟವಾಗಿದೆ. ಅಕ್ಷರ ಕಾಣಬೇಕಾದರೆ ಅಕ್ಷರವಿದೆ ಎಂದು ಮೊದಲೇ ಯಾರಾದರೂ ಹೇಳಿರಬೇಕು. ಆ ಗಾಯವಷ್ಟೇ ಸಾಕು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಕೊಡಲಿಯ ಬಗ್ಗೆ ಪ್ರಬಂಧದಲ್ಲಿ ಬರೆದ ಮನುಷ್ಯ ಅದನ್ನು ಸುಮ್ಮನೆ ಬಿಡಿಸಿರಲಾರ.

ಎರಡನೆಯ ಚಿತ್ರ ಆಶರ್ ಡ್ಯುರಾಂಡ್‌ನ ‘ಇನ್ ದ ವುಡ್ಸ್’, 1855ರದು. ಎತ್ತರದ ಮರಗಳು ಎರಡೂ ಬದಿಯಿಂದ ಬಾಗಿ ಕೂಡುತ್ತವೆ. ನಡುವೆ ದೂರದಲ್ಲಿ ಬೆಳಕು. ಕೆಳಗೆ ಪಾಚಿಗಟ್ಟಿ ಕೊಳೆಯುತ್ತಿರುವ ದಿಮ್ಮಿ. ಮನುಷ್ಯರೇ ಇಲ್ಲ. ಡ್ಯುರಾಂಡ್ ಕುಂಚ ಹಿಡಿಯುವ ಮೊದಲು ತಾಮ್ರಫಲಕದ ಮೇಲೆ ಕೆತ್ತುವ ಕೆಲಸದಲ್ಲಿ ಹೆಸರಾಗಿದ್ದವನು, ಆ ಕೈಯ ತಾಳ್ಮೆ ಪ್ರತಿ ತೊಗಟೆಯಲ್ಲೂ ಕಾಣುತ್ತದೆ. ಅದೇ 1855ರಲ್ಲಿ ಅವನು, ತನ್ನ ಮಗ ಇನ್ನೊಬ್ಬರ ಜೊತೆಗೂಡಿ ಸಂಪಾದಿಸುತ್ತಿದ್ದ ‘ದ ಕ್ರೇಯಾನ್’ ಪತ್ರಿಕೆಯಲ್ಲಿ ಭೂದೃಶ್ಯ ಚಿತ್ರಕಲೆಯ ಬಗ್ಗೆ ಪತ್ರಗಳ ಸರಣಿಯನ್ನು ಬರೆದ. ಚಿತ್ರಶಾಲೆಗೆ ಹೋಗುವ ಮೊದಲು ನಿಸರ್ಗದ ಬಳಿಗೆ ಹೋಗಿ ಎಲೆಯನ್ನು, ಬಂಡೆಯನ್ನು ಇದ್ದ ಹಾಗೆ ಬರೆಯಲು ಕಲಿಯಿರಿ ಎಂಬುದು ಅವನು ಕಿರಿಯರಿಗೆ ಕೊಟ್ಟ ಸಲಹೆ. ಇದು ಬರಿಯ ತಾಂತ್ರಿಕ ಪಾಠವೆಂದು ನಾನು ತಿಳಿದಿದ್ದೆ. ಎರಡನೆಯ ಪತ್ರ ಓದಿದಾಗ ಕಾರಣ ತಿಳಿಯಿತು: ನಾವು ವಾಸಿಸುವ ಈ ಭೂಮಿಯ ಹೊರರೂಪವೇ ಉನ್ನತವೂ ಪವಿತ್ರವೂ ಆದ ಪಾಠಗಳಿಂದ ತುಂಬಿದೆ, ಅದಕ್ಕಿಂತ ಮಿಗಿಲಾದದ್ದು ಧರ್ಮಗ್ರಂಥದ ಬೆಳಕು ಮಾತ್ರ ಎಂದು ಅವನು ನಂಬಿದ್ದ. ಗ್ರಂಥದಲ್ಲಿ ಒಂದು ಅಕ್ಷರವನ್ನು ಮನಸ್ಸಿಗೆ ಬಂದಂತೆ ತಿದ್ದಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಎಲೆಯನ್ನೂ ತಿದ್ದುವಂತಿಲ್ಲ. ಇಂಗ್ಲೆಂಡಿನ ಕಲಾವಿಮರ್ಶಕ ರಸ್ಕಿನ್‌ನ ಬರಹಗಳನ್ನು ಈ ಪತ್ರಿಕೆ ಬಹಳ ಗೌರವದಿಂದ ಪ್ರಚುರಪಡಿಸಿತು. ಅವನ ಪ್ರಭಾವವೂ ಇಲ್ಲಿದೆ. ಡ್ಯುರಾಂಡ್‌ಗೆ ಆಪ್ತನಾಗಿದ್ದ ಕವಿ ವಿಲಿಯಂ ಕಲೆನ್ ಬ್ರಯಂಟ್, ತೋಪುಗಳೇ ದೇವರ ಮೊದಲ ಗುಡಿಗಳು ಎಂದು 1820ರ ದಶಕದಲ್ಲೇ ಹಾಡಿದ್ದ. ಈ ಚಿತ್ರದ ಮರಗಳ ಕಮಾನು ಆ ಸಾಲನ್ನು ಕಟ್ಟಿ ನಿಲ್ಲಿಸಿದಂತಿದೆ. ಕೋಲ್ ತೀರಿಕೊಂಡ ಮರುವರ್ಷ, 1849ರಲ್ಲಿ, ಕೋಲ್ ಮತ್ತು ಬ್ರಯಂಟ್ ಒಂದು ಬಂಡೆಯ ಅಂಚಿನಲ್ಲಿ ಜೊತೆಯಾಗಿ ನಿಂತಿರುವ ‘ಕಿಂಡ್ರೆಡ್ ಸ್ಪಿರಿಟ್ಸ್’ ಚಿತ್ರವನ್ನೂ ಡ್ಯುರಾಂಡ್ ಬರೆದ. ಕವಿ ಮತ್ತು ಚಿತ್ರಕಾರರ ಸ್ನೇಹಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಅದು ನ್ಯೂಯಾರ್ಕ್ ಬಿಟ್ಟು ಈಗ ಅರ್ಕಾನ್ಸಾ ರಾಜ್ಯದ ಕ್ರಿಸ್ಟಲ್ ಬ್ರಿಜಸ್ ಮ್ಯೂಸಿಯಂನಲ್ಲಿದೆ ಎಂಬುದು ನಮ್ಮಂಥವರಿಗೆ ನಷ್ಟವೇ.

ಮೂರನೆಯ ಚಿತ್ರಕ್ಕೆ ನಾವು ಮುಕ್ಕಾಲು ಗಂಟೆ ಕೊಟ್ಟೆವು, ಅದೂ ಸಾಲಲಿಲ್ಲ. ಫ್ರೆಡರಿಕ್ ಚರ್ಚ್‌ನ ‘ಹಾರ್ಟ್ ಆಫ್ ದ ಆಂಡೀಸ್’, 1859. (ಚರ್ಚ್ ಎಂಬುದು ಇಲ್ಲಿ ಮನೆತನದ ಹೆಸರು.) ಮೂರು ಮೀಟರ್ ಅಗಲದ ಈ ಕ್ಯಾನ್ವಾಸಿನಲ್ಲಿ ಹಿಮ ಹೊತ್ತ ಚಿಂಬೊರಾಸೊ ಪರ್ವತದಿಂದ ಹಿಡಿದು ಮುಂಭಾಗದ ಉಷ್ಣವಲಯದ ಬಳ್ಳಿಗಳವರೆಗೆ ಹವಾಮಾನಗಳ ಮೆಟ್ಟಿಲುಗಳೆಲ್ಲ ಒಂದರ ಕೆಳಗೊಂದು ಇಳಿದು ಬರುತ್ತವೆ. ಇದರ ಮೂಲ ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್‌ನ ‘ಕಾಸ್ಮಾಸ್’. ಆ ಗ್ರಂಥದ ಎರಡನೆಯ ಸಂಪುಟದಲ್ಲಿ ಭೂದೃಶ್ಯ ಚಿತ್ರಕಲೆಗೇ ಒಂದು ಅಧ್ಯಾಯವಿದೆ. ಪ್ರತಿಭಾವಂತ ಚಿತ್ರಕಾರರು ಉಷ್ಣವಲಯದ ಪರ್ವತಗಳಿಗೆ ಹೋಗಿ ನಿಸರ್ಗದ ಏಕತೆಯನ್ನು ಕಣ್ಣಾರೆ ಕಂಡು ಬರೆಯಲಿ ಎಂಬ ಕರೆ ಅಲ್ಲಿದೆ. ಚರ್ಚ್ ಆ ಕರೆಗೆ ಓಗೊಟ್ಟು 1853ರಲ್ಲೂ 1857ರಲ್ಲೂ ದಕ್ಷಿಣ ಅಮೆರಿಕಕ್ಕೆ ಹೋದ. ಕೋಲ್‌ನ ಮನೆಯಲ್ಲೇ ಇದ್ದು ಕಲಿತ ಶಿಷ್ಯ ಅವನು. ಗುರುವಿನಿಂದ ಬಂದ ಧರ್ಮಭಾವ ಮತ್ತು ಹುಂಬೋಲ್ಟ್‌ನಿಂದ ಬಂದ ವಿಜ್ಞಾನ ಎರಡನ್ನೂ ಅವನು ಒಂದೇ ಕ್ಯಾನ್ವಾಸಿಗೆ ತಂದ.

ಎಡಗಡೆಯಲ್ಲಿ, ಹಾದಿಯ ಪಕ್ಕದಲ್ಲಿ, ಒಂದು ಸಣ್ಣ ಶಿಲುಬೆ ಇದೆ. ಅದರ ಮುಂದೆ ಇಬ್ಬರು ಮನುಷ್ಯರು. ಅದಕ್ಕೂ ಎಡಕ್ಕೆ, ಬಿಸಿಲು ಬಿದ್ದ ಮರದ ಕಾಂಡದ ಮೇಲೆ ಕೆತ್ತಿದಂತೆ ಚಿತ್ರಕಾರನ ರುಜು. ಮೂರು ಮೀಟರಿನಲ್ಲಿ ಈ ಶಿಲುಬೆ ಹುಡುಕಿದರಷ್ಟೇ ಸಿಗುವಷ್ಟು ಚಿಕ್ಕದು, ಆದರೂ ಸಿಕ್ಕ ಮೇಲೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಹುಂಬೋಲ್ಟ್ ನಿಸರ್ಗದ ಏಕತೆಯನ್ನು ದೇವರ ಹೆಸರಿನ ಆಸರೆಯಿಲ್ಲದೆಯೇ ವಿವರಿಸಲು ಹೊರಟವನು. ಶಿಲುಬೆ ಚರ್ಚ್‌ನ ಸೇರ್ಪಡೆ. ಅದನ್ನು ನೋಡುತ್ತ ನನಗೆ ಇತಿಹಾಸದ ಒಂದು ದೊಡ್ಡ ಹೊಸ್ತಿಲ ಮೇಲೆ ನಿಂತಂತೆ ಅನ್ನಿಸಿತು. ಚಿತ್ರವನ್ನು ಬರ್ಲಿನ್‌ಗೆ ಕಳಿಸಿ ಹುಂಬೋಲ್ಟ್‌ಗೆ ತೋರಿಸಬೇಕೆಂಬುದು ಚರ್ಚ್‌ನ ಆಸೆ. 1859ರ ಮೇ ತಿಂಗಳಲ್ಲಿ ಹುಂಬೋಲ್ಟ್ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಡಾರ್ವಿನ್‌ನ ಜೀವಜಾತಿಗಳ ಉಗಮದ ಗ್ರಂಥ ಬಂತು. ಬಳ್ಳಿ, ಹಕ್ಕಿ, ಹಿಮ, ಮನುಷ್ಯ ಎಲ್ಲವೂ ಒಂದು ಸಂಕಲ್ಪದಂತೆ ಹೊಂದಿಕೊಂಡಿವೆ ಎಂಬ ಧೈರ್ಯದಿಂದ ಬರೆದ ಚಿತ್ರಗಳಿಗೆ ಆ ಮೇಲಿನ ವರ್ಷಗಳಲ್ಲಿ ನೆಲ ಗಟ್ಟಿಯಾಗಿ ಉಳಿಯಲಿಲ್ಲ.

ಆ ವಸಂತದಲ್ಲಿ ನ್ಯೂಯಾರ್ಕ್‌ನಲ್ಲಿ ಈ ಒಂದೇ ಚಿತ್ರದ ಪ್ರದರ್ಶನ ನಡೆಯಿತು. ಕಿಟಕಿಯಂಥ ಮರದ ಚೌಕಟ್ಟಿನೊಳಗೆ ಚಿತ್ರವನ್ನು ನಿಲ್ಲಿಸಿದ್ದರು. ತಲಾ 25 ಸೆಂಟ್ ಕೊಟ್ಟು ಮೂರು ವಾರಗಳಲ್ಲಿ 12,000ಕ್ಕೂ ಹೆಚ್ಚು ಜನ ಬಂದರು, ನಾಟಕಕ್ಕೆ ಒಯ್ಯುವ ಸಣ್ಣ ದುರ್ಬೀನು ಹಿಡಿದು ಎಲೆ ಎಲೆಯನ್ನೂ ನೋಡಿದರು. ಕೋಲ್‌ನ ಜೀವನಚರಿತ್ರೆ ಬರೆದ ಪಾದ್ರಿ ಲೂಯಿ ನೋಬಲ್ ಈ ಚಿತ್ರದ ಬಗ್ಗೆ ಕಿರುಹೊತ್ತಗೆಯನ್ನೂ ಬರೆದ. ಅಂದರೆ ಅಂದಿನ ಪ್ರೇಕ್ಷಕರೂ ಓದಿಕೊಂಡೇ ನೋಡುತ್ತಿದ್ದರು. ನನ್ನ ಮಗಳು ಮನೆಯಿಂದ ಹಕ್ಕಿ ನೋಡುವ ಸಣ್ಣ ದುರ್ಬೀನು ತಂದಿದ್ದಳು. ನಾಚಿಕೆಪಡದೆ ಬಳಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಅದೇ ಕೋಣೆಯಲ್ಲಿರುವ ಆಲ್ಬರ್ಟ್ ಬಿಯರ್‌ಸ್ಟಾಟ್‌ನ ‘ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್’ (1863) ನಮ್ಮ ಐದರ ಪಟ್ಟಿಯಲ್ಲಿರಲಿಲ್ಲ. ಅದನ್ನು ನಾನು ಬೇಗ ದಾಟಿದೆ, ಆದರೆ ಅದು ಎಬ್ಬಿಸಿದ ಒಂದು ಸಂಕಟವನ್ನು ಹೇಳಲೇಬೇಕು. ಅದರ ಮುಂಭಾಗದಲ್ಲಿ ಶೋಶೋನಿ ಎಂಬ ಮೂಲನಿವಾಸಿ ಜನರ ಬಿಡಾರವಿದೆ, ಮೇಲೆ ದೇವಲೋಕದಂಥ ಶಿಖರ. ಈ ಭೂಮಿ ದೇವರು ಹೊಸದಾಗಿ ಕೊಟ್ಟ ಈಡನ್ ಎಂಬ ಮಾತು ಬೇಲಿ ಹಾಕಲು ಬಂದವರ ಮನಸ್ಸಿಗೆ ಸಮಾಧಾನ ಕೊಟ್ಟಿತು. ಆ ತೋಟದಲ್ಲಿ ಆಗಲೇ ಜನ ಬದುಕುತ್ತಿದ್ದರು, ಪೂರ್ವದಲ್ಲಿದ್ದ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಅಟ್ಟುವ ಕಾನೂನು 1830ರಲ್ಲೇ ಬಂದಿತ್ತು. ಧರ್ಮದ ಭಾಷೆ ಈ ಚಿತ್ರಗಳಿಗೆ ಕೊಟ್ಟ ಎತ್ತರವನ್ನು ಮೆಚ್ಚುವಾಗ ಅದೇ ಭಾಷೆ ಮರೆಸಿದ್ದನ್ನೂ ಜೊತೆಗಿಟ್ಟುಕೊಂಡೇ ನೋಡಬೇಕು.

ನಾಲ್ಕನೆಯದು ಜಾನ್ ಕೆನ್ಸೆಟ್‌ನ ‘ಲೇಕ್ ಜಾರ್ಜ್’, 1869. ನೀರು, ಬೆಟ್ಟ, ಮಂಜು ಬೆರೆತ ಬೆಳಕು. ಕುಂಚ ಓಡಾಡಿದ ಗುರುತೇ ಇಲ್ಲ. ಎಮರ್ಸನ್‌ನನ್ನು ಓದಬೇಕಾದ ಜಾಗ ಇದು. ಬಯಲಲ್ಲಿ ನಿಂತಾಗ ಎಲ್ಲ ಕ್ಷುದ್ರ ಅಹಂಕಾರ ಕರಗಿ ತಾನೊಂದು ಪಾರದರ್ಶಕ ಕಣ್ಣಾಗುತ್ತೇನೆ, ತಾನೇನೂ ಅಲ್ಲ, ಎಲ್ಲವನ್ನೂ ಕಾಣುತ್ತೇನೆ ಎಂದು ಅವನು ‘ನೇಚರ್’ನಲ್ಲಿ ಬರೆದದ್ದು ಪ್ರಸಿದ್ಧ. ಕೆನ್ಸೆಟ್ ಆ ವಾಕ್ಯಕ್ಕೆ ಚಿತ್ರ ಬರೆದ ಎಂದು ನಾನು ಹೇಳುವುದಿಲ್ಲ; ಚಿತ್ರಕಾರನ ನಾನು ಎಂಬುದು ಅಳಿಸಿಹೋದ ಆ ನುಣುಪಿನಲ್ಲಿ ಎರಡಕ್ಕೂ ಒಂದೇ ಕಾಲದ ಗಾಳಿ ತಾಗಿದೆ ಎಂದಷ್ಟೇ ಹೇಳಬಲ್ಲೆ. ನಮ್ಮವರು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಮರ್ಸನ್ ಮತ್ತು ಅವನ ಗೆಳೆಯನಾದ ಲೇಖಕ ಥೋರೋ ಭಗವದ್ಗೀತೆ ಓದಿದ್ದರು, ಆದ್ದರಿಂದ ಈ ಚಿತ್ರಗಳಲ್ಲಿ ವೇದಾಂತವಿದೆ ಎನ್ನುವುದನ್ನು ಕೇಳಿದ್ದೇನೆ. ಅವರು ಓದಿದ್ದು ನಿಜ, ಅದೂ 1785ರ ಚಾರ್ಲ್ಸ್ ವಿಲ್ಕಿನ್ಸ್ ಅನುವಾದದಲ್ಲಿ. ಎಮರ್ಸನ್ ಗೀತೆಯಲ್ಲಿ ಮುಳುಗಿದ್ದು 1840ರ ದಶಕದಲ್ಲಿ, ‘ನೇಚರ್’ ಬಂದ ಎಷ್ಟೋ ವರ್ಷಗಳ ನಂತರ. ಚಿತ್ರಕಾರರ ಕೈಯಲ್ಲಿದ್ದದ್ದು ಬೈಬಲ್, ಬ್ರಯಂಟ್, ರಸ್ಕಿನ್, ಹುಂಬೋಲ್ಟ್. ಅವರವರ ಓದನ್ನು ಅವರವರಿಗೇ ಬಿಡುವುದು ನ್ಯಾಯ.

ಕೊನೆಯದು ಜಾರ್ಜ್ ಇನ್ನೆಸ್‌ನ ‘ಆಟಮ್ ಓಕ್ಸ್’, ಸುಮಾರು 1878ರದು. ಇನ್ನೆಸ್ ಓದಿದ ಗ್ರಂಥಕರ್ತ ಬೇರೆ: ಗಣಿಗಾರಿಕೆಯ ಅಧಿಕಾರಿಯಾಗಿ, ವಿಜ್ಞಾನಿಯಾಗಿ ದುಡಿದು ಆಮೇಲೆ ದೈವದರ್ಶನಗಳನ್ನು ಬರೆದ ಸ್ವೀಡನ್ನಿನ ಎಮ್ಯಾನುಯೆಲ್ ಸ್ವೀಡನ್‌ಬೋರ್ಗ್. ಭೌತಲೋಕದ ಪ್ರತಿಯೊಂದಕ್ಕೂ ಆತ್ಮಲೋಕದಲ್ಲಿ ಸಂವಾದಿಯಾದದ್ದೊಂದಿದೆ, ಸೂರ್ಯನ ಶಾಖ ಪ್ರೇಮಕ್ಕೂ ಅದರ ಬೆಳಕು ಜ್ಞಾನಕ್ಕೂ ಹೊಂದುತ್ತವೆ ಎಂಬುದು ಅವನ ಸಿದ್ಧಾಂತ. ಇನ್ನೆಸ್ 1860ರ ದಶಕದಲ್ಲಿ ಅವನ ಬೋಧನೆಯನ್ನು ಅನುಸರಿಸುವ ಪಂಥಕ್ಕೆ ಸೇರಿದ. ಬಣ್ಣಗಳಿಗೂ ಆಧ್ಯಾತ್ಮಿಕ ಅರ್ಥಕ್ಕೂ ಇರುವ ಸಂಬಂಧದ ಬಗ್ಗೆ 1867ರಲ್ಲಿ ಆ ಪಂಥದ ಪತ್ರಿಕೆಯಲ್ಲಿ ಬರೆದ. ಡ್ಯುರಾಂಡ್‌ನ ಎಲೆಗಳ ನಂತರ ಈ ಚಿತ್ರದ ಮುಂದೆ ಬಂದರೆ ಕಣ್ಣು ಮೊದಲು ತಡವರಿಸುತ್ತದೆ. ಅಂಚುಗಳು ಕರಗಿವೆ, ಮರವೆಲ್ಲಿ ಮುಗಿದು ಗಾಳಿಯೆಲ್ಲಿ ಆರಂಭವಾಯಿತೋ ತಿಳಿಯದು. ಹೊರರೂಪವನ್ನು ನಿಷ್ಠೆಯಿಂದ ನಕಲಿಸಿದರೆ ದೇವರು ಸಿಗುತ್ತಾನೆ ಎಂದು ಡ್ಯುರಾಂಡ್ ನಂಬಿದ. ಹೊರರೂಪ ತೆಳುವಾದಷ್ಟೂ ಒಳಗಿನದು ಹೊಳೆಯುತ್ತದೆ ಎಂದು ಇನ್ನೆಸ್ ನಂಬಿದ. ಇಪ್ಪತ್ತು ಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ನಾಡಿನ ಮರ ಇಷ್ಟು ಬೇರೆಯಾದದ್ದಕ್ಕೆ ಓದಿದ ಪುಸ್ತಕ ಬೇರೆಯಾದದ್ದೂ ಒಂದು ಕಾರಣ ಎಂಬುದನ್ನು ಒಂದೇ ಸಂಜೆ ಕಣ್ಣಾರೆ ಕಾಣಿಸಿದ್ದಕ್ಕೆ ಈ ಮ್ಯೂಸಿಯಂಗೆ ನಾನು ಋಣಿ. ಇನ್ನೆಸ್ ಇಷ್ಟವಾದ ನ್ಯೂಜೆರ್ಸಿಯ ಕನ್ನಡಿಗರು ಮಾಂಟ್‌ಕ್ಲೇರ್ ಆರ್ಟ್ ಮ್ಯೂಸಿಯಂಗೂ ಹೋಗಬಹುದು. ಅವನು ಕೊನೆಯ ವರ್ಷಗಳಲ್ಲಿ ಬದುಕಿದ ಊರು ಅದು, ಅವನ ಚಿತ್ರಗಳಿಗೇ ಅಲ್ಲಿ ಒಂದು ಕೋಣೆಯಿದೆ.

ಎರಡನೆಯ ದೂರು ಒಂದು ಆನ್‌ಲೈನ್ ಅಂಗಡಿಯದು. ಮನೆಗೆ ‘ಆಕ್ಸ್‌ಬೋ’ದ ಒಂದು ಪ್ರತಿ ಬೇಕೆಂದು ಚೌಕಟ್ಟಿನ ಸಮೇತ ತರಿಸಿದೆ. ಪೆಟ್ಟಿಗೆ ತೆರೆದರೆ, ಚೌಕಟ್ಟಿನ ಅಳತೆಗೆ ಹೊಂದಿಸಲು ಎಡಭಾಗದ ಕಾಲುಪಾಲನ್ನು ಕತ್ತರಿಸಿದ್ದರು: ಬಿರುಗಾಳಿ ಇಲ್ಲ, ಮುರಿದ ಮರ ಇಲ್ಲ, ಉಳಿದದ್ದು ಬಿಸಿಲಿನಲ್ಲಿ ಮಿಂದ ಒಂದು ಹಳ್ಳಿ. ಪತ್ರ ಬರೆದೆ, ಎಲ್ಲರಿಗೂ ಹೀಗೇ ಕಳಿಸುತ್ತೇವೆ ಎಂಬ ಉತ್ತರ ಬಂತು. ಎಲೀಯನ ಬಿರುಗಾಳಿಯನ್ನೇ ಕತ್ತರಿಸಿ ತೆಗೆದ ಚಿತ್ರವನ್ನು ಗೋಡೆಗೆ ಹಾಕಲು ಮನಸ್ಸಾಗದೆ ಹಿಂದಿರುಗಿಸಿದೆ. ಆಮೇಲೆ ತಿಳಿಯಿತು, ಹಕ್ಕುಸ್ವಾಮ್ಯದ ಅವಧಿ ಮುಗಿದ ಚಿತ್ರಗಳ ದೊಡ್ಡ ಗಾತ್ರದ ಛಾಯಾಪ್ರತಿಗಳನ್ನು ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಬಳಸಲು ಉಚಿತವಾಗಿ ಇಟ್ಟಿದೆ. ಅದನ್ನು ಇಳಿಸಿಕೊಂಡು ನಮ್ಮೂರಿನ ಮುದ್ರಣದಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಪೂರ್ತಿಯಾಗಿ ಅಚ್ಚು ಹಾಕಿಸಿದೆ. ಅಂಗಡಿಯಿಂದ ತರಿಸಿದ್ದಕ್ಕಿಂತ ಕಡಿಮೆಗೇ ಆಯಿತು. ನೀವೂ ಹಾಗೆ ಮಾಡುವುದಾದರೆ ಅಳತೆ ಹೇಳುವಾಗ ಎಚ್ಚರವಿರಲಿ: ಎತ್ತರ 131, ಅಗಲ 193 ಎಂಬ ಅನುಪಾತವನ್ನು ಬರೆದುಕೊಡಿ, ಸುತ್ತ ಬಿಳಿ ಅಂಚು ಬಿಡಲು ಹೇಳಿ, ಎಡತುದಿಯ ಮರ ಪೂರ್ತಿ ಬಂದಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಂಡು ಹಣ ಕೊಡಿ.